ಅಳಿಸುವುದೋ, ಮರೆಮಾಡುವುದೋ: ಫೋಟೊ ಎಡಿಟಿಂಗ್‌ನಲ್ಲಿ ಯಾವ ಕೆಲಸಕ್ಕೆ ಯಾವ ದಾರಿ

ಫೋಟೊ ಎಡಿಟಿಂಗ್ ತಂತ್ರಾಂಶ ಯಾವುದೇ ಇರಲಿ, ಎರೇಸರ್ ಕಣ್ಣಿಗೆ ಬೀಳುವ ಜಾಗದಲ್ಲೇ ಕುಳಿತಿರುತ್ತದೆ. ಹೊಸಬರ ಕೈ ಅಲ್ಲಿಗೇ ಹೋಗುತ್ತದೆ. ಬೇಡವಾದದ್ದನ್ನು ಉಜ್ಜಿದರೆ ಆಯಿತಲ್ಲ, ಅದಕ್ಕೆ ಅಳಿಸದೆ ಮರೆಮಾಡುವ ಮಾಸ್ಕ್ ಎಂಬ ಇನ್ನೊಂದು ರಗಳೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಿಗುವುದು ಕೆಲಸ ಮುಗಿಯಿತು ಅಂದುಕೊಂಡ ಮೇಲೆ. ಕಿವಿಯ ತುದಿ ಸ್ವಲ್ಪ ಹೆಚ್ಚೇ ಹೋಗಿದೆ, ಭುಜದ ಮೇಲೆ ಬಿದ್ದ ಕೂದಲು ಉಳಿಯಬೇಕಿತ್ತು, ಹೊಸ ಹಿನ್ನೆಲೆಯ ಮುಂದೆ ಅಂಚು ಕತ್ತರಿಸಿ ಅಂಟಿಸಿದಂತೆ ಕಾಣುತ್ತಿದೆ ಎಂದು ಯಾರೋ ಹೇಳುತ್ತಾರೆ. ಎರೇಸರ್ ಬಳಸಿದವರು ಆಗ ಮೊದಲಿನಿಂದ ಶುರುಮಾಡಬೇಕು. ಮಾಸ್ಕ್ ಬಳಸಿದವರು ಬ್ರಷ್ ಎತ್ತಿಕೊಂಡರೆ ಸಾಕು.

ಹಾಗೆಂದು ‘ಎಲ್ಲದಕ್ಕೂ ಲೇಯರ್ ಮಾಸ್ಕ್’ ಎಂಬ ಮಂತ್ರವನ್ನು ನಾನು ಪೂರ್ತಿ ನಂಬುವುದಿಲ್ಲ. (ಲೇಯರ್ ಎಂದರೆ ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದು ಕೂರುವ ಚಿತ್ರದ ಪದರ.) ಮೂಲ ಚಿತ್ರ ಕೆಡದಂತೆ ಮರೆಮಾಡುವ ವಿಧಾನಗಳು ಐದಾರು ಇವೆ. ಕೂದಲಿಗೆ ಒಗ್ಗುವುದು ಬಾಟಲಿಗೆ ಒಗ್ಗದು. ಮರದ ಕೊಂಬೆಗಳಿಗೆ ಒಗ್ಗುವುದು ಇವೆರಡಕ್ಕೂ ಒಗ್ಗದು. ಇನ್ನು ಕೆಲವು ಸಂದರ್ಭಗಳಲ್ಲಿ ಮರೆಮಾಡುವುದೇ ತಪ್ಪು, ನಿಜವಾಗಿ ಅಳಿಸಲೇಬೇಕು. ಅದರ ಮಾತು ಕೊನೆಯಲ್ಲಿ.

ಎರೇಸರ್ ಮಾಡುವುದೇನು

ಚಿತ್ರದ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಅಂಕಿಗಳಿರುತ್ತವೆ. ಜೊತೆಗೆ ಆಲ್ಫಾ ಎಂಬ ನಾಲ್ಕನೆಯ ಅಂಕಿಯೂ ಇರಬಹುದು. ಆ ಪಿಕ್ಸೆಲ್ ಎಷ್ಟು ಪಾರದರ್ಶಕ ಎಂದು ಹೇಳುವುದು ಅದು. ಎರೇಸರ್ ಈ ಆಲ್ಫಾವನ್ನು ಸೊನ್ನೆಯತ್ತ ಇಳಿಸುತ್ತದೆ. ಲೇಯರ್‌ನಲ್ಲಿ ಆಲ್ಫಾ ಇಲ್ಲದಿದ್ದರೆ ಅದು ಅಳಿಸುವುದೇ ಇಲ್ಲ, ಹಿನ್ನೆಲೆಗೆ ಆಯ್ದುಕೊಂಡ ಬಣ್ಣವನ್ನು ಬಳಿಯುತ್ತದೆ. ಫೋಟೊಶಾಪ್‌ನಲ್ಲಿ ಬೀಗದ ಚಿಹ್ನೆ ಹೊತ್ತ ಬ್ಯಾಕ್‌ಗ್ರೌಂಡ್ ಲೇಯರ್, ಗಿಂಪ್ ಎಂಬ ತಂತ್ರಾಂಶದಲ್ಲಿ ಈಗಷ್ಟೇ ತೆರೆದ ಜೆಪೆಗ್ ಎರಡೂ ಇಂಥವೇ. ‘ಉಜ್ಜಿದರೆ ಬಿಳಿ ಬರುತ್ತಿದೆ, ಪಾರದರ್ಶಕ ಆಗುತ್ತಿಲ್ಲ’ ಎಂಬ ದೂರಿನ ಮೂಲ ಇಲ್ಲಿದೆ. ಫೋಟೊಶಾಪ್‌ನಲ್ಲಿ ಆ ಲೇಯರ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಸಾಮಾನ್ಯ ಲೇಯರ್ ಆಗಿಸಿದರೆ, ಗಿಂಪ್‌ನಲ್ಲಿ ಆಲ್ಫಾ ಚಾನೆಲ್ ಸೇರಿಸಿದರೆ ಆ ತೊಂದರೆ ಹೋಗುತ್ತದೆ. ಅಳಿಸಿದ್ದು ಮಾತ್ರ ಹಿಂದಕ್ಕೆ ಬರುವುದಿಲ್ಲ.

ಅನ್‌ಡೂ ಇದೆಯಲ್ಲ ಎನ್ನುವವರಿಗೆ ಒಂದು ಲೆಕ್ಕ. ಫೋಟೊಶಾಪ್ ತಾನಾಗಿ ನೆನಪಿಟ್ಟುಕೊಳ್ಳುವುದು ಕೊನೆಯ 50 ಹೆಜ್ಜೆಗಳನ್ನು. ಸೆಟ್ಟಿಂಗ್‌ನಲ್ಲಿ 1,000ದವರೆಗೆ ಏರಿಸಬಹುದು. ಬ್ರಷ್ ಒತ್ತಿ ಎತ್ತಿದರೆ ಅದೇ ಒಂದು ಹೆಜ್ಜೆ. ತಲೆಗೂದಲ ಸುತ್ತ ಸಣ್ಣ ಬ್ರಷ್‌ನಲ್ಲಿ ಉಜ್ಜುತ್ತ ಹೋದರೆ 50 ಹೆಜ್ಜೆ ಯಾವಾಗ ಮುಗಿಯಿತೆಂದು ತಿಳಿಯುವುದೂ ಇಲ್ಲ. ಅದಕ್ಕಿಂತ ದೊಡ್ಡ ತೊಡಕು ಎಂದರೆ ಅನ್‌ಡೂ ಒಂದೇ ಸಾಲಿನಲ್ಲಿ ಹಿಂದಕ್ಕೆ ನಡೆಯುತ್ತದೆ. ಮೊದಲು ಕೆಡಿಸಿದ ಕಿವಿಯನ್ನು ಸರಿಪಡಿಸಲು ಹೊರಟರೆ ಆಮೇಲೆ ಚೆನ್ನಾಗಿ ಮಾಡಿದ ಭುಜವೂ ಹೋಗುತ್ತದೆ. ಫೋಟೊಶಾಪ್‌ನ ಎರೇಸರ್‌ನಲ್ಲಿ ‘ಇರೇಸ್ ಟು ಹಿಸ್ಟರಿ’ ಎಂಬ ಆಯ್ಕೆಯಿದೆ. ಅದನ್ನು ಗುರುತು ಹಾಕಿಕೊಂಡು ಉಜ್ಜಿದರೆ ಬೇಕಾದ ಜಾಗದಲ್ಲಷ್ಟೇ ಹಳೆಯ ಸ್ಥಿತಿ ಮರಳುತ್ತದೆ. ಫೈಲ್ ಮುಚ್ಚಿದರೆ ಆ ಸೌಲಭ್ಯವೂ ಮುಗಿದಂತೆ. ಅಫಿನಿಟಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಹಿಸ್ಟರಿಯನ್ನು (ಮಾಡಿದ ಹೆಜ್ಜೆಗಳ ದಾಖಲೆಯನ್ನು) ಫೈಲಿನ ಜೊತೆಯಲ್ಲೇ ಉಳಿಸಿಡಬಹುದು, ಫೈಲ್ ಊದಿಕೊಂಡರೂ ಪರವಾಗಿಲ್ಲ ಎನ್ನುವವರಿಗೆ.

ಲೇಯರ್‌ನ ನಕಲು ಮಾಡಿಟ್ಟುಕೊಂಡು ನಕಲಿನ ಮೇಲೆ ಎರೇಸರ್ ಆಡಿಸುವವರೂ ಇದ್ದಾರೆ. ಮೂಲ ಉಳಿಯಿತು, ನಿಜ. ಉಜ್ಜಿದ ಅಂಚು ಮಾತ್ರ ಗಟ್ಟಿಯಾಗಿ ಕುಳಿತುಬಿಟ್ಟಿತು. ತಿದ್ದಬೇಕೆಂದರೆ ಇನ್ನೊಂದು ನಕಲು. ಸಂಜೆಯ ಹೊತ್ತಿಗೆ ‘ಕಾಪಿ 7’ ಎಂಬ ಲೇಯರ್ ಯಾವುದರದೆಂದು ಹುಡುಕುತ್ತ ಕೂರುವುದು ಈ ದಾರಿಯ ಕೊನೆ.

ಆಯ್ಕೆಗೆ ಮುನ್ನ

ಯಾವ ವಿಧಾನ ಎಂದು ತೀರ್ಮಾನಿಸಲು ನಾನು ನೋಡುವುದು ಮೊದಲು ಅಂಚನ್ನು. ಅದು ಚೂರಿ ಹಾಕಿದಂತೆ ನೇರವಾಗಿದೆಯೇ, ಮಸುಕಾಗಿ ಕರಗುತ್ತದೆಯೇ, ಸಾವಿರ ಎಳೆಗಳಾಗಿ ಸೀಳಿಹೋಗಿದೆಯೇ? ಎರಡನೆಯದು, ನಾಳೆ ಏನನ್ನು ಬದಲಿಸಬೇಕಾಗಬಹುದು: ಆಕಾರವನ್ನೋ, ಮಸುಕಿನ ಪ್ರಮಾಣವನ್ನೋ, ಒಳಗಿರುವ ಚಿತ್ರವನ್ನೇ ತೆಗೆದು ಬೇರೆಯದನ್ನು ಇಡಬೇಕೋ? ಈ ಫೈಲ್ ಹಾಗೆಯೇ ಯಾರ ಕೈಗೆ ಹೋಗುತ್ತದೆ ಎಂಬ ಮೂರನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ.

ಲೇಯರ್ ಮಾಸ್ಕ್: ಮಸುಕು, ಎಳೆ, ಕೂದಲು

ಫೋಟೊಶಾಪ್‌ಗೆ ಲೇಯರ್‌ಗಳು ಬಂದದ್ದು 1994ರಲ್ಲಿ, ಮೂರನೆಯ ಆವೃತ್ತಿಯಲ್ಲಿ. ಅಲ್ಲಿಂದೀಚೆಗೆ ಮರೆಮಾಡುವ ಕೆಲಸದ ಬಹುಪಾಲನ್ನು ಹೊತ್ತಿರುವುದು ಲೇಯರ್ ಮಾಸ್ಕ್. ಲೇಯರ್‌ಗೆ ಅಂಟಿಕೊಂಡ, ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳಷ್ಟೇ ಇರುವ ಇನ್ನೊಂದು ಚಿತ್ರ ಅದು. ಬಿಳಿಯಿದ್ದಲ್ಲಿ ಲೇಯರ್ ಕಾಣುತ್ತದೆ, ಕಪ್ಪಿದ್ದಲ್ಲಿ ಮರೆಯಾಗುತ್ತದೆ, ಬೂದು ಇದ್ದಲ್ಲಿ ಅರೆಬರೆ. 8 ಬಿಟ್ ಚಿತ್ರದಲ್ಲಿ ಸೊನ್ನೆಯಿಂದ 255ರವರೆಗೆ ಒಟ್ಟು 256 ಮೆಟ್ಟಿಲುಗಳು. ಫೋಟೊದ ಪಿಕ್ಸೆಲ್‌ಗಳನ್ನು ಯಾರೂ ಮುಟ್ಟುವುದಿಲ್ಲ.

ಕೈಗೆ ರೂಢಿಯಾಗಬೇಕಾದ ಕೀಲಿಗಳು ಕೆಲವೇ. ಫೋಟೊಶಾಪ್‌ನಲ್ಲಿ ಡಿ ಒತ್ತಿದರೆ ಕಪ್ಪು-ಬಿಳುಪು ಸಿದ್ಧ, ಎಕ್ಸ್ ಒತ್ತಿದರೆ ಅವು ಅದಲುಬದಲು. ತಪ್ಪಿ ಹೆಚ್ಚು ಮರೆಮಾಡಿದರೆ ಎಕ್ಸ್ ಒತ್ತಿ ಬಿಳಿ ಬಳಿದರೆ ಆಯಿತು. ಮಾಸ್ಕ್‌ನ ಪುಟ್ಟ ಚಿತ್ರದ ಮೇಲೆ ಆಲ್ಟ್ ಹಿಡಿದು ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರ ಪರದೆ ತುಂಬ ಕಾಣುತ್ತದೆ, ಶಿಫ್ಟ್ ಹಿಡಿದು ಕ್ಲಿಕ್ ಮಾಡಿದರೆ ತಾತ್ಕಾಲಿಕವಾಗಿ ನಿಂತುಹೋಗುತ್ತದೆ. ಆಲ್ಟ್ ಕ್ಲಿಕ್ ಅನ್ನು ಕಡೆಗಣಿಸಬೇಡಿ. ಚಿತ್ರ ನೋಡುವಾಗ ಕಣ್ಣಿಗೆ ಸಿಗದ ಅರೆಬರೆ ಕಲೆಗಳು, ಬ್ರಷ್ ತಾಗದೆ ಉಳಿದ ಚುಕ್ಕೆಗಳು ಮಾಸ್ಕ್ ಒಂದನ್ನೇ ನೋಡಿದಾಗ ಎದ್ದು ಕಾಣುತ್ತವೆ. ಅವನ್ನು ಈಗಲೇ ಸರಿಪಡಿಸದಿದ್ದರೆ ಹಿನ್ನೆಲೆಗೆ ಗಾಢ ಬಣ್ಣ ಇಟ್ಟ ದಿನ ಎಲ್ಲವೂ ಹಾಜರಾಗುತ್ತವೆ.

ಕೂದಲಿನ ಕೆಲಸದಲ್ಲಿ ಮಾಸ್ಕ್‌ನ ಯೋಗ್ಯತೆ ತಿಳಿಯುತ್ತದೆ. ತಂತ್ರಾಂಶವೇ ಆಯ್ದುಕೊಟ್ಟ ಸೆಲೆಕ್ಷನ್‌ನಿಂದ ಮಾಸ್ಕ್ ಮಾಡಿದರೆ ತಲೆಯ ಅಂಚಿನಲ್ಲಿ ಬೂದು ಬಣ್ಣದ ಒಂದು ಪಟ್ಟಿ ಉಳಿಯುತ್ತದೆ. ಹಳೆಯ ಹಿನ್ನೆಲೆಯ ನೆರಳು ಅದರ ಮೂಲಕ ಇಣುಕುತ್ತದೆ. ಸಾಮಾನ್ಯ ಬ್ರಷ್‌ನಲ್ಲಿ ಕಪ್ಪು ಬಳಿದರೆ ಪಟ್ಟಿಯ ಜೊತೆ ಎಳೆಗಳೂ ಹೋಗುತ್ತವೆ. ಬ್ರಷ್‌ನ ಮೋಡ್ ಅನ್ನು ಓವರ್‌ಲೇಗೆ ಬದಲಿಸಿ, ಒಪಾಸಿಟಿಯನ್ನು (ಬಣ್ಣದ ಗಟ್ಟಿತನವನ್ನು) ಶೇಕಡ 20ರ ಆಸುಪಾಸಿಗೆ ಇಳಿಸಿ ಮಾಸ್ಕ್ ಮೇಲೆ ಆಡಿಸಿ ನೋಡಿ. ಓವರ್‌ಲೇ ಮೋಡ್ ಅಚ್ಚ ಕಪ್ಪನ್ನೂ ಅಚ್ಚ ಬಿಳಿಯನ್ನೂ ಮುಟ್ಟುವುದಿಲ್ಲ, ನಡುವಿನ ಬೂದನ್ನಷ್ಟೇ ಅತ್ತಲೋ ಇತ್ತಲೋ ತಳ್ಳುತ್ತದೆ. ಕಪ್ಪಿನಿಂದ ಒಂದೆರಡು ಬಾರಿ ಸವರಿದರೆ ಎಳೆಗಳ ನಡುವಿನ ಮಬ್ಬು ಇಳಿಯುತ್ತದೆ. ಬಿಳಿಯಿಂದ ಸವರಿದರೆ ಎಳೆಗಳು ಗಟ್ಟಿಯಾಗುತ್ತವೆ. ಇಂಥ ಕೆಲಸವನ್ನು ಎರೇಸರ್‌ನಲ್ಲಿ ಊಹಿಸಿಕೊಳ್ಳುವುದಕ್ಕೂ ಆಗದು.

ಫೋಟೊಶಾಪ್‌ನ ಪ್ರಾಪರ್ಟೀಸ್ ಪ್ಯಾನೆಲ್‌ನಲ್ಲಿ ಮಾಸ್ಕ್‌ಗೆ ಫೆದರ್ (ಅಂಚಿನ ಮಸುಕು), ಡೆನ್ಸಿಟಿ (ಮರೆಮಾಡುವ ಪ್ರಮಾಣ) ಎಂಬ ಎರಡು ಸ್ಲೈಡರ್‌ಗಳಿವೆ. ಅಂಚಿನ ಮಸುಕನ್ನು ಬ್ಲರ್ ಹಾಕಿ ಶಾಶ್ವತವಾಗಿಸುವ ಬದಲು ಫೆದರ್‌ನಲ್ಲಿ ಇಟ್ಟರೆ ಆ ಮಸುಕೂ ನಾಳೆ ಬದಲಿಸಬಹುದಾದದ್ದೇ ಆಗುತ್ತದೆ. ‘ಸೆಲೆಕ್ಟ್ ಅಂಡ್ ಮಾಸ್ಕ್’ನಲ್ಲಿರುವ ‘ಡಿಕಂಟಾಮಿನೇಟ್ ಕಲರ್ಸ್’ ಬಗ್ಗೆ ಎಚ್ಚರವಿರಲಿ: ಅದು ಅಂಚಿನ ಪಿಕ್ಸೆಲ್‌ಗಳ ಬಣ್ಣವನ್ನೇ ಬದಲಿಸುತ್ತದೆ. ಆದ್ದರಿಂದಲೇ ತಂತ್ರಾಂಶ ಅದರ ಫಲವನ್ನು ಹೊಸ ಲೇಯರ್‌ನಲ್ಲಿ ಕೊಡುತ್ತದೆ. ಹಳೆಯ ಲೇಯರ್ ಬೇಡವೆಂದು ಬಿಸಾಡಿದರೆ ಮೂಲ ಹೋಯಿತು.

ಮಾಸ್ಕ್ ಬಳಸುವವರು ಎಡವುವ ಜಾಗಗಳು ಎರಡು. ಮಾಸ್ಕ್ ಆಯ್ದಿದ್ದೇನೆಂದು ಭಾವಿಸಿ ಫೋಟೊ ಮೇಲೆಯೇ ಕಪ್ಪು ಬಳಿಯುವುದು ಒಂದು. ಪುಟ್ಟ ಚಿತ್ರಗಳಲ್ಲಿ ಯಾವುದರ ಸುತ್ತ ಚೌಕಟ್ಟು ಇದೆ ಎಂದು ನೋಡುವ ಅಭ್ಯಾಸ ಬಿಟ್ಟು ಇದಕ್ಕೆ ಬೇರೆ ಮದ್ದಿಲ್ಲ. ಎರಡನೆಯದು ಮಾಸ್ಕ್ ತೆಗೆಯುವಾಗ ಬರುವ ಪ್ರಶ್ನೆ. ಮಾಸ್ಕ್ ಅನ್ನು ಕಸದಬುಟ್ಟಿಗೆ ಎಳೆದರೆ ಫೋಟೊಶಾಪ್ ‘ಅಪ್ಲೈ’ ಮತ್ತು ‘ಡಿಲೀಟ್’ ಎಂಬ ಗುಂಡಿಗಳನ್ನು ತೋರಿಸುತ್ತದೆ. ಡಿಲೀಟ್ ಎಂದರೆ ಮಾಸ್ಕ್ ಹೋಗಿ ಫೋಟೊ ಪೂರ್ತಿ ಮರಳುತ್ತದೆ. ಅಪ್ಲೈ ಎಂದರೆ ಮರೆಯಾಗಿದ್ದದ್ದು ನಿಜವಾಗಿ ಅಳಿಸಿಹೋಗುತ್ತದೆ. ಹೆಸರು ಕೇಳಿದರೆ ಅಪಾಯಕಾರಿ ಎನಿಸುವುದು ಡಿಲೀಟ್, ಅಪಾಯ ಇರುವುದು ಅಪ್ಲೈನಲ್ಲಿ.

ಒಂದೇ ಲೇಯರ್‌ಗೆ ಎರಡು ಬೇರೆ ಬೇರೆ ಮಾಸ್ಕ್ ಬೇಕಾದರೆ, ಉದಾಹರಣೆಗೆ ಒಂದು ವ್ಯಕ್ತಿಯ ಆಕಾರಕ್ಕೆ, ಇನ್ನೊಂದು ಕೆಳಗಿನಿಂದ ಮೇಲಕ್ಕೆ ಕರಗುವ ಗ್ರೇಡಿಯಂಟ್‌ಗೆ, ಲೇಯರ್ ಅನ್ನು ಗುಂಪಿನೊಳಗೆ ಹಾಕಿ ಗುಂಪಿಗೆ ಎರಡನೆಯ ಮಾಸ್ಕ್ ಕೊಡಿ. ಎರಡನ್ನೂ ಒಂದೇ ಮಾಸ್ಕ್‌ನಲ್ಲಿ ಬೆರೆಸಿದರೆ ಗ್ರೇಡಿಯಂಟ್ ಮಾತ್ರ ಬದಲಿಸುವ ದಾರಿ ಉಳಿಯುವುದಿಲ್ಲ.

ವೆಕ್ಟರ್ ಮಾಸ್ಕ್, ಕ್ಲಿಪಿಂಗ್ ಮಾಸ್ಕ್

ಬಾಟಲಿ, ಮೊಬೈಲ್, ಕಟ್ಟಡ, ಕಾರು ಇಂಥ ನುಣುಪಾದ ಅಂಚಿನ ವಸ್ತುಗಳಿಗೆ ಬ್ರಷ್ ಹಿಡಿಯುವುದು ವ್ಯರ್ಥ ಶ್ರಮ. ಪೆನ್ ಟೂಲ್‌ನಲ್ಲಿ ಗೆರೆ ಎಳೆದು ವೆಕ್ಟರ್ ಮಾಸ್ಕ್ ಮಾಡಿದರೆ ಆ ಅಂಚು ಬಿಂದುಗಳೂ ವಕ್ರರೇಖೆಗಳೂ ಆಗಿ ಉಳಿಯುತ್ತದೆ. ಹಿಗ್ಗಿಸಿದರೂ ಕುಗ್ಗಿಸಿದರೂ ಗೆರೆ ಹಲ್ಲುಹಲ್ಲಾಗದು. ಬಾಟಲಿಯ ಕತ್ತಿನ ತಿರುವು ತುಸು ತಪ್ಪಿದ್ದರೆ ಒಂದು ಬಿಂದುವನ್ನು ಸರಿಸಿದರೆ ಮುಗಿಯಿತು. ಪೆನ್ ಟೂಲ್ ಕೈಗೆ ಒಗ್ಗುವುದಕ್ಕೆ ಸಮಯ ಹಿಡಿಯುತ್ತದೆ ಎಂಬುದೊಂದೇ ಇದರ ಮೇಲಿನ ದೂರು. ಬಿಂದುಗಳನ್ನು ಕಡಿಮೆ ಇಡಿ, ತಿರುವು ಬದಲಾಗುವಲ್ಲಿ ಮಾತ್ರ ಇಡಿ. ಗೆರೆಯನ್ನು ವಸ್ತುವಿನ ಅಂಚಿಗಿಂತ ಒಂದು ಪಿಕ್ಸೆಲ್ ಒಳಗೆ ಎಳೆದರೆ ಹಳೆಯ ಹಿನ್ನೆಲೆಯ ಬಣ್ಣದ ಅಂಚುಪಟ್ಟಿ ಬರುವುದೂ ತಪ್ಪುತ್ತದೆ. ಫೋಟೊಶಾಪ್‌ನಲ್ಲಿ ಒಂದೇ ಲೇಯರ್‌ಗೆ ವೆಕ್ಟರ್ ಮಾಸ್ಕ್ ಜೊತೆ ಲೇಯರ್ ಮಾಸ್ಕ್ ಕೂಡ ಇರಬಹುದು. ಟೋಪಿಗೆ ವೆಕ್ಟರ್, ಟೋಪಿಯ ಕೆಳಗೆ ಇಳಿಬಿದ್ದ ಕೂದಲಿಗೆ ಬ್ರಷ್ ಎಂದು ಕೆಲಸ ಹಂಚುವುದು ಹೀಗೆ.

ಕ್ಲಿಪಿಂಗ್ ಮಾಸ್ಕ್‌ನಲ್ಲಿ ಮಾಸ್ಕ್ ಎಂಬ ಬೇರೆ ಚಿತ್ರವೇ ಇಲ್ಲ. ಮೇಲಿನ ಲೇಯರ್, ಕೆಳಗಿನ ಲೇಯರ್ ಎಲ್ಲಿದೆಯೋ ಅಲ್ಲಿ ಮಾತ್ರ ಕಾಣುತ್ತದೆ. ಅಕ್ಷರಗಳ ಒಳಗೆ ಫೋಟೊ ತುಂಬಿಸಲು, ವಿನ್ಯಾಸದ ಚೌಕಟ್ಟಿನಲ್ಲಿ ಚಿತ್ರಗಳನ್ನು ಪದೇ ಪದೇ ಬದಲಿಸಲು, ಬೆಳಕನ್ನು ಹೆಚ್ಚುಕಡಿಮೆ ಮಾಡುವ ಕರ್ವ್ಸ್‌ನಂಥ ಹೊಂದಾಣಿಕೆಯನ್ನು ಒಂದೇ ಲೇಯರ್‌ಗೆ ಸೀಮಿತಗೊಳಿಸಲು ಇದು ಸಾಕು. ಒಳಗಿನ ಚಿತ್ರ ಬದಲಾಗುವ ಸಾಧ್ಯತೆ ಇದ್ದು ಆಕಾರ ಬದಲಾಗದು ಎನ್ನುವ ಕಡೆ ಇದನ್ನೇ ಆರಿಸಿ.

ಬೆಳಕನ್ನೇ ಮಾಸ್ಕ್ ಮಾಡಿಕೊಳ್ಳುವುದು

ಎಲೆ ಉದುರಿದ ಮರ, ಹಿಂದೆ ಬಿಳಿಚಿದ ಆಕಾಶ. ಆಕಾಶವನ್ನು ಬದಲಿಸಬೇಕು. ಕೊಂಬೆಗಳ ನಡುವಿನ ನೂರಾರು ಸಂದುಗಳಲ್ಲಿ ಬ್ರಷ್ ತೂರಿಸುವ ಹಟ ಬೇಡ. ಇಲ್ಲಿ ಬೆಳಕೇ ಗೆರೆ ಎಳೆದುಕೊಟ್ಟಿದೆ: ಆಕಾಶ ತಿಳಿ, ಕೊಂಬೆ ಗಾಢ.

ಫೋಟೊಶಾಪ್‌ನಲ್ಲಿ ಹೊಸ ಆಕಾಶವನ್ನು ಮರದ ಫೋಟೊದ ಮೇಲಿನ ಲೇಯರ್‌ನಲ್ಲಿಟ್ಟು, ಆ ಲೇಯರ್ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಲೇಯರ್ ಸ್ಟೈಲ್ ತೆರೆಯಿರಿ. ಕೆಳಗಡೆ ‘ಬ್ಲೆಂಡ್ ಇಫ್’ ಎಂಬ ಜೋಡಿ ಸ್ಲೈಡರ್ ಇದೆ. ‘ಅಂಡರ್‌ಲೈಯಿಂಗ್ ಲೇಯರ್’ ಸಾಲಿನ ಕಪ್ಪು ತುದಿಯನ್ನು ಬಲಕ್ಕೆ ಎಳೆಯುತ್ತ ಹೋದಂತೆ ಕೆಳಗಿನ ಗಾಢ ಕೊಂಬೆಗಳು ಹೊಸ ಆಕಾಶವನ್ನು ಸೀಳಿಕೊಂಡು ಮೇಲೆ ಬರುತ್ತವೆ. ಅಂಚು ಕರಕರ ಎನಿಸಿದರೆ ಆಲ್ಟ್ ಹಿಡಿದು ಎಳೆಯಿರಿ; ತುದಿ ಎರಡಾಗಿ ಸೀಳಿ ನಡುವಿನ ಜಾಗ ಮೆಲ್ಲಗೆ ಕರಗುತ್ತದೆ. ‘ಗ್ರೇ’ ಎಂದಿರುವುದನ್ನು ‘ಬ್ಲೂ’ಗೆ ಬದಲಿಸಿದರೆ ಹಸಿರೆಲೆಗಳ ವಿಷಯದಲ್ಲಿ ಫಲ ಇನ್ನೂ ಚೆನ್ನ. ಆಕಾಶ ನೀಲಿ ಚಾನೆಲ್‌ನಲ್ಲಿ, ಅಂದರೆ ನೀಲಿಯ ಅಂಕಿಗಳಲ್ಲಿ, ತಿಳಿಯಾಗಿರುತ್ತದೆ, ಎಲೆ ಅದೇ ಚಾನೆಲ್‌ನಲ್ಲಿ ಕಪ್ಪಗಿರುತ್ತದೆ. ಇವೆರಡರ ಅಂತರ ಹೆಚ್ಚಿದಷ್ಟೂ ಅಂಚು ಸ್ವಚ್ಛ.

ದೌರ್ಬಲ್ಯವೂ ಇಲ್ಲೇ ಇದೆ. ಬೆಳಕಿಗೆ ವಸ್ತುವಿನ ಗುರುತಿಲ್ಲ. ಮರದ ಕೆಳಗೆ ಬಿಳಿಗೋಡೆ ಇದ್ದರೆ ಅದರ ಮೇಲೂ ಮೋಡ ಹರಡುತ್ತದೆ. ಆಗ ಅದೇ ಆಕಾಶದ ಲೇಯರ್‌ಗೆ ಒಂದು ಒರಟು ಲೇಯರ್ ಮಾಸ್ಕ್ ಹಾಕಿ ಗೋಡೆಯ ಭಾಗವನ್ನು ದೊಡ್ಡ ಬ್ರಷ್‌ನಲ್ಲಿ ಮುಚ್ಚಿದರೆ ಸಾಕು. ಬಿಸಿಲಲ್ಲಿ ಮಿನುಗುವ ಎಲೆಗಳಿರುವ ಮರಕ್ಕೆ ಮಾತ್ರ ಈ ಉಪಾಯ ಒಲಿಯದು. ಎಲೆಯೂ ಆಕಾಶದಷ್ಟೇ ತಿಳಿಯಾಗಿರುವಾಗ ಬೇರ್ಪಡಿಸುವುದು ಯಾವುದರಿಂದ?

ಅಫಿನಿಟಿಯಲ್ಲಿ ಇದಕ್ಕೆ ಸಮನಾದ ಸೌಲಭ್ಯದ ಜೊತೆಗೆ, 2022ರ ನವೆಂಬರ್‌ನಲ್ಲಿ ಬಂದ ಎರಡನೆಯ ಆವೃತ್ತಿಯಿಂದ ಲೈವ್ ಮಾಸ್ಕ್‌ಗಳಿವೆ. ಬೆಳಕಿನ ವ್ಯಾಪ್ತಿ, ಬಣ್ಣದ ವ್ಯಾಪ್ತಿ ಇವನ್ನು ಹೇಳಿಟ್ಟರೆ ಕೆಳಗಿನ ಚಿತ್ರ ಬದಲಾದಾಗ ಮಾಸ್ಕ್ ತಾನೇ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತದೆ. ಗಿಂಪ್‌ನಲ್ಲಿ ಮಾಸ್ಕ್ ಸೇರಿಸುವಾಗ ‘ಲೇಯರ್‌ನ ಗ್ರೇಸ್ಕೇಲ್ ನಕಲು’ ಎಂಬ ಆಯ್ಕೆ ಸಿಗುತ್ತದೆ. ಅದರ ಕಾಂಟ್ರಾಸ್ಟ್ ಅನ್ನು ಲೆವೆಲ್ಸ್‌ನಲ್ಲಿ ಹೆಚ್ಚಿಸಿಕೊಂಡರೆ ಅದೇ ದಾರಿಯಲ್ಲಿ ನಡೆದಂತೆ.

ವಸ್ತುವನ್ನೇ ತೆಗೆಯುವಾಗ

ಗೋಡೆಯ ಮೇಲಿನ ವೈರು, ಮುಖದ ಮೇಲಿನ ಕಲೆ, ಹಿಂದೆ ನಡೆದುಹೋದ ಅಪರಿಚಿತ. ಇವುಗಳಿಗೆ ಮಾಸ್ಕ್ ನೇರವಾಗಿ ಉತ್ತರವಲ್ಲ. ಮರೆಮಾಡಿದ ಜಾಗದಲ್ಲಿ ತೋರಿಸಲು ಏನಾದರೂ ಬೇಕಲ್ಲ. ಇಲ್ಲಿ ಮೂಲವನ್ನು ಕಾಯುವ ಬಗೆಯೆಂದರೆ ಖಾಲಿ ಲೇಯರ್ ಒಂದನ್ನು ಮೇಲಿಟ್ಟು ಅದರಲ್ಲಿ ಮಾತ್ರ ತೇಪೆ ಹಾಕುವುದು. ಫೋಟೊಶಾಪ್‌ನ ಕ್ಲೋನ್ ಸ್ಟ್ಯಾಂಪ್, ಹೀಲಿಂಗ್ ಬ್ರಷ್‌ಗಳಲ್ಲಿ ಸ್ಯಾಂಪಲ್ ಎಂಬಲ್ಲಿ ‘ಕರೆಂಟ್ ಅಂಡ್ ಬಿಲೋ’ ಆರಿಸಿ. ಸ್ಪಾಟ್ ಹೀಲಿಂಗ್ ಮತ್ತು 2023ರಲ್ಲಿ ಬಂದ ರಿಮೂವ್ ಟೂಲ್‌ನಲ್ಲಿ ‘ಸ್ಯಾಂಪಲ್ ಆಲ್ ಲೇಯರ್ಸ್’ ಗುರುತು ಹಾಕಿ. ಗಿಂಪ್‌ನ ಕ್ಲೋನ್‌ನಲ್ಲಿ ‘ಸ್ಯಾಂಪಲ್ ಮರ್ಜ್ಡ್’.

‘ಆಲ್ ಲೇಯರ್ಸ್’ ಎಂದಿಟ್ಟು ಕ್ಲೋನ್ ಮಾಡುವಾಗ ಒಂದು ಬಲೆ ಕಾದಿರುತ್ತದೆ. ತೇಪೆಯ ಲೇಯರ್‌ನ ಮೇಲೆ ಚಿತ್ರವನ್ನು ತಿಳಿಯಾಗಿಸುವ ಕರ್ವ್ಸ್ ಲೇಯರ್ ಇದ್ದರೆ ತೇಪೆ ಕರ್ವ್ಸ್ ಪರಿಣಾಮವನ್ನೂ ಹೊತ್ತು ಬರುತ್ತದೆ, ಅದರ ಮೇಲೆ ಕರ್ವ್ಸ್ ಮತ್ತೊಮ್ಮೆ ಕೂರುತ್ತದೆ. ತೇಪೆ ಸುತ್ತಲಿನ ಚರ್ಮಕ್ಕಿಂತ ಬೆಳ್ಳಗಾಗಿ ಕಾಣುವುದು ಇದರಿಂದ. ಸ್ಯಾಂಪಲ್ ಪಕ್ಕದಲ್ಲೇ ಇರುವ, ಅಡ್ಜಸ್ಟ್‌ಮೆಂಟ್ ಲೇಯರ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎನ್ನುವ ಗುಂಡಿಯನ್ನು ಒತ್ತಿದರೆ ಸರಿಹೋಗುತ್ತದೆ.

ದೊಡ್ಡ ಜಾಗ ತುಂಬಬೇಕಿದ್ದರೆ ಎಡಿಟ್ ಮೆನುವಿನ ಹಳೆಯ ‘ಫಿಲ್’ ಬದಲು ‘ಕಂಟೆಂಟ್ ಅವೇರ್ ಫಿಲ್’ ಎಂಬ ಪ್ರತ್ಯೇಕ ಕಿಟಕಿ ಬಳಸಿ, ಫಲವನ್ನು ಹೊಸ ಲೇಯರ್‌ಗೆ ಕಳಿಸಿ. ಮೊದಲಿನದು ಆಯ್ದ ಲೇಯರ್‌ನ ಪಿಕ್ಸೆಲ್‌ಗಳ ಮೇಲೆಯೇ ಬರೆಯುತ್ತದೆ. ಮುಖದ ಕಲೆಗಳ ವಿಷಯದಲ್ಲಿ ಬೇರೆ ಲೇಯರ್‌ಗೆ ಇನ್ನೊಂದು ಲಾಭವುಂಟು: ಅದರ ಒಪಾಸಿಟಿಯನ್ನು ಶೇಕಡ 60-70ಕ್ಕೆ ಇಳಿಸಿದರೆ ಸುಕ್ಕು ಪೂರ್ತಿ ಮಾಯವಾಗದೆ ಮೆದುವಾಗುತ್ತದೆ, ಮುಖ ಪ್ಲಾಸ್ಟಿಕ್ ಆಗುವುದಿಲ್ಲ. ತೇಪೆಯ ಲೇಯರ್‌ನಲ್ಲಿ ಎಲ್ಲೋ ಅತಿಯಾಯಿತೆಂದರೆ ಅಲ್ಲಿ ಎರೇಸರ್ ಆಡಿಸಿ, ನಿಶ್ಚಿಂತೆಯಿಂದ. ಕೆಳಗೆ ಮೂಲ ಹಾಗೆಯೇ ಇದೆ. ಇಂಥ ಕಡೆ ಎರೇಸರ್‌ಗೆ ನನ್ನ ತಕರಾರಿಲ್ಲ.

ಯಾವ ತಂತ್ರಾಂಶ

ಫೋಟೊಶಾಪ್‌ನಲ್ಲಿ ಮೇಲೆ ಹೇಳಿದ್ದೆಲ್ಲವೂ ಇದೆ. ಮೂಲ ಚಿತ್ರವನ್ನು ಒಳಗೇ ಇಟ್ಟುಕೊಳ್ಳುವ ಸ್ಮಾರ್ಟ್ ಆಬ್ಜೆಕ್ಟ್ ಸೇರಿಕೊಂಡರೆ ಅಳತೆ ಬದಲಾವಣೆ, ಫಿಲ್ಟರ್‌ಗಳೂ ಹಿಂದಕ್ಕೆ ಪಡೆಯಬಹುದಾದವೇ ಆಗುತ್ತವೆ. ಚಂದಾ ಕಟ್ಟುವುದು ಬೇಡ ಎನ್ನುವವರಿಗೆ ಬ್ರೌಸರ್‌ನಲ್ಲೇ ನಡೆಯುವ ಫೋಟೊಪೀ ಇದೆ. ಫೋಟೊಶಾಪ್‌ನ ಪಿಎಸ್‌ಡಿ ಫೈಲ್ ತೆರೆಯುತ್ತದೆ, ಲೇಯರ್ ಮಾಸ್ಕ್, ವೆಕ್ಟರ್ ಮಾಸ್ಕ್, ಸ್ಮಾರ್ಟ್ ಆಬ್ಜೆಕ್ಟ್ ಮೂರನ್ನೂ ಅರಿತಿದೆ. ಅಪರೂಪಕ್ಕೊಮ್ಮೆ ಬೇರೆಯವರು ಕಳಿಸಿದ ಫೈಲ್‌ನ ಮಾಸ್ಕ್ ತಿದ್ದಬೇಕಾದವರಿಗೆ ಅದು ಧಾರಾಳವಾಗಿ ಸಾಕು.

ಗಿಂಪ್ ಉಚಿತ, ಮುಕ್ತ ತಂತ್ರಾಂಶ. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಿಂದ ಫಿಲ್ಟರ್‌ಗಳನ್ನೂ ಹಿಂದಕ್ಕೆ ಪಡೆಯುವಂತೆ ಹಾಕಬಹುದು. ಮಾಸ್ಕ್‌ಗೆ ಫೆದರ್, ಡೆನ್ಸಿಟಿ ಸ್ಲೈಡರ್‌ಗಳಿಲ್ಲ. ವೆಕ್ಟರ್ ಮಾಸ್ಕ್ ಬದಲು ಪಾತ್ ಎಂಬ ಗೆರೆ ಎಳೆದು, ಅದನ್ನು ಸೆಲೆಕ್ಷನ್ ಮಾಡಿ, ಅದರಿಂದ ಮಾಸ್ಕ್ ಮಾಡಬೇಕು. ಪಾತ್ ಗಿಂಪ್‌ನ ಸ್ವಂತ ಎಕ್ಸ್‌ಸಿಎಫ್ ಫೈಲ್‌ನಲ್ಲಿ ಉಳಿಯುವುದರಿಂದ ಮತ್ತೆ ಮಾಸ್ಕ್ ಕಟ್ಟುವುದು ಕಷ್ಟವಲ್ಲ.

ಗಿಂಪ್‌ನ ಎರೇಸರ್ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಅದು ಆಲ್ಫಾವನ್ನು ಸೊನ್ನೆಗೆ ಇಳಿಸಿದರೂ ಆ ಪಿಕ್ಸೆಲ್‌ನ ಬಣ್ಣದ ಅಂಕಿಗಳನ್ನು ಹಾಗೆಯೇ ಬಿಟ್ಟಿರುತ್ತದೆ. ಆಲ್ಟ್ ಹಿಡಿದು ಅದೇ ಜಾಗದಲ್ಲಿ ಎರೇಸರ್ ಆಡಿಸಿದರೆ ‘ಆ್ಯಂಟಿ ಇರೇಸ್’ ಆಗಿ ಚಿತ್ರ ಮರಳುತ್ತದೆ. ಮಾಸ್ಕ್ ಸೇರಿಸುವಾಗ ಲೇಯರ್‌ನ ಆಲ್ಫಾವನ್ನು ವರ್ಗಾಯಿಸುವ ಆಯ್ಕೆ ತೆಗೆದುಕೊಂಡರೆ ಇನ್ನೂ ಮೇಲು: ಅಲ್ಲಿಯವರೆಗೆ ಉಜ್ಜಿದ್ದೆಲ್ಲ ಮಾಸ್ಕ್ ಆಗಿ ಬದಲಾಗಿ, ಕೆಳಗಿನ ಫೋಟೊ ಪೂರ್ತಿ ತುಂಬಿಕೊಳ್ಳುತ್ತದೆ. ಎರೇಸರ್‌ನಲ್ಲಿ ಅರ್ಧ ದಿನ ಕಳೆದ ಮೇಲೆ ಮಾಸ್ಕ್ ನೆನಪಾದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇರಲಾರದು. ಆಯ್ಕೆಗಳ ಪಟ್ಟಿಯಲ್ಲಿ ಬರಿ ‘ಆಲ್ಫಾ ಚಾನೆಲ್’ ಎಂದಿರುವುದು ಬೇರೆ, ‘ಟ್ರಾನ್ಸ್‌ಫರ್’ ಎಂದಿರುವುದು ಬೇರೆ, ಬೇಕಾದದ್ದು ಎರಡನೆಯದು.

ಅಫಿನಿಟಿಯಲ್ಲಿ ಮಾಸ್ಕ್ ಕೂಡ ಒಂದು ಲೇಯರ್. ಒಂದರೊಳಗೊಂದು ಇಡಬಹುದು, ಒಂದೇ ಲೇಯರ್‌ಗೆ ಹಲವನ್ನು ಹಾಕಬಹುದು. ಫೋಟೊಶಾಪ್‌ನಲ್ಲಿ ಗುಂಪಿನ ಉಪಾಯ ಹೂಡಿ ಮಾಡುವುದು ಇಲ್ಲಿ ನೇರವಾಗಿಯೇ ಆಗುತ್ತದೆ. 2024ರಲ್ಲಿ ಕ್ಯಾನ್ವಾ ಕೊಂಡುಕೊಂಡ ಈ ತಂತ್ರಾಂಶ 2025ರ ಅಕ್ಟೋಬರ್‌ನಿಂದ ಉಚಿತವಾಗಿ ಸಿಗುತ್ತಿದೆ. ಇವತ್ತು ಹೊಸದಾಗಿ ಮಾಸ್ಕ್ ಕಲಿಯಲು ಹೊರಟವರು ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ. ಕ್ರಿಟಾ ಮುಖ್ಯವಾಗಿ ಚಿತ್ರ ಬಿಡಿಸುವವರದು; ಟ್ರಾನ್ಸ್‌ಪರೆನ್ಸಿ ಮಾಸ್ಕ್ ಚೆನ್ನಾಗಿದೆ, ಫೋಟೊ ತಿದ್ದುವುದಕ್ಕೆಂದೇ ಅದನ್ನು ಹಾಕಿಕೊಳ್ಳುವ ಅಗತ್ಯ ಕಾಣೆ.

ಲೈಟ್‌ರೂಮ್, ಡಾರ್ಕ್‌ಟೇಬಲ್ ಬೇರೆಯೇ ಜಾತಿ. ಅವು ಮೂಲ ಫೋಟೊವನ್ನು ಮುಟ್ಟುವುದೇ ಇಲ್ಲ; ಮಾಡಿದ ಬದಲಾವಣೆಗಳನ್ನು ಸೂಚನೆಗಳಾಗಿ ಬರೆದಿಟ್ಟುಕೊಳ್ಳುತ್ತವೆ. 2021ರ ಅಕ್ಟೋಬರ್ ನಂತರದ ಲೈಟ್‌ರೂಮ್‌ನಲ್ಲಿ ವ್ಯಕ್ತಿಯನ್ನೋ ಆಕಾಶವನ್ನೋ ಒಂದೇ ಕ್ಲಿಕ್‌ನಲ್ಲಿ ಮಾಸ್ಕ್ ಮಾಡಬಹುದು, ಒಂದರಿಂದ ಇನ್ನೊಂದನ್ನು ಕಳೆಯಬಹುದು. ಡಾರ್ಕ್‌ಟೇಬಲ್‌ನ ಪ್ಯಾರಾಮೆಟ್ರಿಕ್ ಮಾಸ್ಕ್ ಬೆಳಕು, ಬಣ್ಣ ಎರಡನ್ನೂ ಅಳೆದು ಕೆಲಸ ಮಾಡುತ್ತದೆ. ಕಲಿಯಲು ತಾಳ್ಮೆ ಬೇಕು, ಫಲ ಅದಕ್ಕೆ ತಕ್ಕಂತೆ. ಇವುಗಳ ಮಾಸ್ಕ್ ಒಂದು ಭಾಗವನ್ನು ತಿಳಿಯಾಗಿಸಲು, ಗಾಢವಾಗಿಸಲು, ಬಣ್ಣ ಬದಲಿಸಲು. ಹಿನ್ನೆಲೆ ಕತ್ತರಿಸಿ ಪಾರದರ್ಶಕ ಚಿತ್ರ ಪಡೆಯಲು ಇವುಗಳ ಬಾಗಿಲು ತಟ್ಟಬೇಡಿ. ಮೊಬೈಲ್‌ನಲ್ಲಾದರೆ ಸ್ನ್ಯಾಪ್‌ಸೀಡ್‌ನಲ್ಲಿ ಮಾಡಿದ ಒಂದೊಂದು ಹೆಜ್ಜೆಯನ್ನೂ ಮತ್ತೆ ತೆರೆದು, ಅದು ಎಲ್ಲಿ ಕಾಣಬೇಕೆಂದು ಬೆರಳಿನಿಂದಲೇ ಬಳಿಯಬಹುದು.

ಉಳಿಸುವ ನಮೂನೆ ತಪ್ಪಿದರೆ ಮಾತ್ರ ಇದೆಲ್ಲ ನೀರಿನಲ್ಲಿ ಹೋಮ. ಮಾಸ್ಕ್ ಉಳಿಯುವುದು ಪಿಎಸ್‌ಡಿ, ಎಕ್ಸ್‌ಸಿಎಫ್‌ನಂಥ ಆಯಾ ತಂತ್ರಾಂಶದ ಸ್ವಂತ ಫೈಲ್‌ಗಳಲ್ಲಿ. ಫೋಟೊಶಾಪ್‌ನ ಟಿಫ್ ಕೂಡ ಲೇಯರ್‌ಗಳನ್ನು ಹೊರುತ್ತದೆ. ಪಿಎನ್‌ಜಿಯಲ್ಲಿ ಪಾರದರ್ಶಕತೆ ಉಂಟು, ಲೇಯರ್ ಇಲ್ಲ. ಜೆಪೆಗ್‌ನಲ್ಲಿ ಎರಡೂ ಇಲ್ಲ. ಪಿಎಸ್‌ಡಿಯ ಮಿತಿ 2 ಜಿಬಿ, ಒಂದು ಬದಿಗೆ 30,000 ಪಿಕ್ಸೆಲ್. ಅದನ್ನು ಮೀರಿದರೆ ಫೋಟೊಶಾಪ್‌ನದೇ ಪಿಎಸ್‌ಬಿ ನಮೂನೆ.

ನಿಜವಾಗಿ ಅಳಿಸಲೇಬೇಕಾದಾಗ

ಮರೆಮಾಡಿದ್ದು ಅಲ್ಲೇ ಇರುತ್ತದೆ ಎಂಬುದು ಮಾಸ್ಕ್‌ನ ಗುಣ. ವಾಹನದ ನಂಬರ್ ಪ್ಲೇಟ್, ಗುರುತಿನ ಚೀಟಿಯ ಸಂಖ್ಯೆ, ಮಗುವಿನ ಮುಖ, ವಿಳಾಸ ಇಂಥವನ್ನು ತೆಗೆಯುವಾಗ ಅದೇ ದೋಷ. ಮಾಸ್ಕ್ ಹಾಕಿದ ಪಿಎಸ್‌ಡಿ ಅಥವಾ ಟಿಫ್ ಅನ್ನು ಬೇರೆಯವರಿಗೆ ಕಳಿಸಿದರೆ ಶಿಫ್ಟ್ ಹಿಡಿದು ಒಂದು ಕ್ಲಿಕ್ ಮಾಡಿದವರಿಗೆ ಎಲ್ಲವೂ ಕಾಣುತ್ತದೆ. ಗಿಂಪ್‌ನಲ್ಲಿ ಎರೇಸರ್ ಬಳಸಿದ್ದರೂ ಭರವಸೆಯಿಲ್ಲ: ಪಿಎನ್‌ಜಿ ಮಾಡುವಾಗ ಪಾರದರ್ಶಕ ಪಿಕ್ಸೆಲ್‌ಗಳ ಬಣ್ಣವನ್ನೂ ಉಳಿಸುವ ಆಯ್ಕೆ ಗುರುತಾಗಿದ್ದರೆ ಅಳಿಸಿದ್ದು ಫೈಲ್‌ನೊಳಗೆ ಕುಳಿತೇ ಹೋಗುತ್ತದೆ. ಮೊಬೈಲ್‌ನ ಹೈಲೈಟರ್‌ನಂಥ ಅರೆಪಾರದರ್ಶಕ ಬ್ರಷ್‌ನಲ್ಲಿ ಕಪ್ಪು ಬಳಿದವರೂ ಇದ್ದಾರೆ. ಎಕ್ಸ್‌ಪೋಶರ್ ಏರಿಸಿದರೆ ಅಕ್ಷರಗಳು ಎದ್ದು ಬರುತ್ತವೆ.

ಅಳಿಸಿದ್ದು ಉಳಿದುಕೊಳ್ಳುವುದು ಎಷ್ಟು ಸುಲಭ ಎಂಬುದಕ್ಕೆ 2023ರ ಮಾರ್ಚ್‌ನಲ್ಲಿ ಬಯಲಾದ ‘ಎಕ್ರಾಪಲಿಪ್ಸ್’ ದೋಷ ಸಾಕ್ಷಿ. ಗೂಗಲ್ ಪಿಕ್ಸೆಲ್ ಫೋನ್‌ಗಳ ಮಾರ್ಕಪ್ ಸಾಧನದಲ್ಲಿ ಸ್ಕ್ರೀನ್‌ಶಾಟ್ ಕತ್ತರಿಸಿ ಉಳಿಸಿದಾಗ ಹೊಸ ಚಿಕ್ಕ ಚಿತ್ರವನ್ನು ಹಳೆಯ ಫೈಲ್‌ನ ಮೇಲೆಯೇ ಬರೆಯಲಾಗುತ್ತಿತ್ತು, ಉಳಿದ ಬಾಲವನ್ನು ಕತ್ತರಿಸುತ್ತಿರಲಿಲ್ಲ. ಕತ್ತರಿಸಿ ಎಸೆದೆ ಎಂದುಕೊಂಡ ಭಾಗದ ಬಹುಪಾಲನ್ನು ಆ ಬಾಲದಿಂದ ಮರಳಿ ಪಡೆಯಬಹುದಿತ್ತು. ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್‌ನಲ್ಲೂ ಅಂಥದೇ ದೋಷ ಕಂಡುಬಂತು. ಎರಡನ್ನೂ ಸರಿಪಡಿಸಲಾಯಿತು; ಅದಕ್ಕೆ ಮೊದಲು ಹಂಚಿಕೊಂಡ ಚಿತ್ರಗಳು ಹಾಗೆಯೇ ಉಳಿದವು.

ಆದ್ದರಿಂದ ಗುಟ್ಟಿನ ವಿಷಯಕ್ಕೆ ನನ್ನ ಕ್ರಮ ಇದು. ಲೇಯರ್‌ಗಳಿರುವ ಫೈಲ್ ನನ್ನ ಬಳಿಯೇ ಇರುತ್ತದೆ. ಅದರ ನಕಲಿನಲ್ಲಿ ಆ ಭಾಗವನ್ನು ಸೆಲೆಕ್ಷನ್ ಮಾಡಿ ಶೇಕಡ 100 ಒಪಾಸಿಟಿಯ ಒಂದೇ ಬಣ್ಣ ತುಂಬಿಸುತ್ತೇನೆ. ಬ್ಲರ್, ಮೊಸಾಯಿಕ್ ಬೇಡ. ಲೇಯರ್‌ಗಳನ್ನೆಲ್ಲ ಒಂದಾಗಿಸಿ, ಹಳೆಯ ಥಂಬ್‌ನೇಲ್ (ಪುಟ್ಟ ನಕಲು ಚಿತ್ರ) ಸೇರಿ ಫೈಲ್‌ನೊಳಗೆ ಅಡಗಿರುವ ಮೆಟಾಡೇಟಾ ತೆಗೆದುಹಾಕಿ, ಹೊಸ ಹೆಸರಿನಲ್ಲಿ ಜೆಪೆಗ್ ಮಾಡುತ್ತೇನೆ. ಕಳಿಸುವ ಮುನ್ನ ಆ ಜೆಪೆಗ್ ಅನ್ನೇ ಮತ್ತೆ ತೆರೆದು ಎಕ್ಸ್‌ಪೋಶರ್ ಅನ್ನು ಕೊನೆಯವರೆಗೂ ಏರಿಸಿ ನೋಡುತ್ತೇನೆ. ಬಣ್ಣ ತುಂಬಿಸಿದ ಚೌಕದಲ್ಲಿ ಏನೂ ಕಾಣದಿದ್ದರೆ ಮಾತ್ರ ಫೈಲ್ ಹೊರಗೆ ಹೋಗುತ್ತದೆ.